ತಕ್ಕಡಿ ಸಾಹೇಬರ ದಿಢೀರ್ ನಾಟಕ

ತಕ್ಕಡಿ ಸಾಹೇಬರು ಸುಳ್ಳು ಹೇಳುವ ಪೈಕಿ ಅಲ್ಲ. ಇದು ಅವರ ಸತ್ಯನಿಷ್ಠೆಯ ಹೊಗಳಿಕೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಸುಳ್ಳು ಹೇಳಬೇಕಾದರೂ ನಾಲ್ಕು ಮಾತು ಆಡಬೇಕಾಗುತ್ತದೆ, ಅವರು ಅಷ್ಟು ದೂರ ಹೋಗುತ್ತಿರಲಿಲ್ಲ. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಅವರಿಗೆ ಕೆಲಸ. ಹಿತ್ತಾಳೆಯ ತೂಕದ ಬಟ್ಟುಗಳನ್ನು ಮರದ ಪೆಟ್ಟಿಗೆಯಲ್ಲಿ ಜೋಡಿಸಿಕೊಂಡು, ಅಂಗಡಿಯಿಂದ ಅಂಗಡಿಗೆ ಹೋಗಿ, ತಕ್ಕಡಿ ಸರಿಯಿದೆಯೇ ಎಂದು ಪರೀಕ್ಷೆ ಮಾಡಿ ಮುದ್ರೆ ಒತ್ತುವುದು. ತಕ್ಕಡಿಗಳ ಜತೆ ಇದ್ದೂ ಇದ್ದೂ ಅವರಿಗೂ ತಕ್ಕಡಿಯ ಗುಣವೇ ಬಂದಿತ್ತು. ಯಾರು ಏನು ಇಟ್ಟರೂ ಸ್ವಲ್ಪ ಬಾಗುತ್ತಿದ್ದರು, ತೆಗೆದ ಮೇಲೆ ಮೊದಲಿನಂತೆ ನಿಲ್ಲುತ್ತಿದ್ದರು. ಅವರ ಬಾಯಿಂದ ಹೊರಡುತ್ತಿದ್ದ ಮಾತು ಒಂದೇ: "ಹೂಂ."

ಮನೆಯಲ್ಲಿ ಈ ಹೂಂ ಹಲವು ಕೆಲಸ ಮಾಡುತ್ತಿತ್ತು. ಸಿಲಿಂಡರ್ ಮುಗಿಯಿತು ಎಂದರೆ ಹೂಂ. ಪಕ್ಕದ ಮನೆಯವರು ಗೋಡೆಗೆ ಮೊಳೆ ಹೊಡೆಯುತ್ತಿದ್ದಾರೆ ಎಂದರೆ ಹೂಂ. ಹೆಂಡತಿ ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಳು. ರೋಗಿಗಳ ಕಣ್ಣಿಗೆ ಔಷಧಿ ಬಿಟ್ಟು, ಕಣ್ಣು ಮುಚ್ಚಿ ಕೂತವರನ್ನು ಮಾತನಾಡಿಸುತ್ತಾ ಇರುವುದು ಆಕೆಯ ಪಾಲಿನ ಕೆಲಸ. ಕಣ್ಣು ಮುಚ್ಚಿಕೊಂಡವರ ಜತೆ ಮಾತನಾಡುವ ಅಭ್ಯಾಸ ಆಕೆಗೆ ಆಸ್ಪತ್ರೆಯಲ್ಲಿ ಬಂತೋ ಮನೆಯಲ್ಲಿ ಬಂತೋ ಹೇಳುವುದು ಕಷ್ಟ.

ಆ ವರ್ಷ ಬಡಾವಣೆಗೆ ದಿಢೀರ್ ನಾಟಕದ ಹುಚ್ಚು ಹಿಡಿಯಿತು. ತಂದವರು ಔಷಧಿ ಅಂಗಡಿಯವರು. ರಕ್ತದೊತ್ತಡಕ್ಕೆ ಒಳ್ಳೆಯದೆಂದು ಯಾರೋ ಹೇಳಿದ್ದಕ್ಕೆ ಅವರು ಬೇರೆ ಊರಿನಲ್ಲಿ ಯಾವುದೋ ಶಿಬಿರಕ್ಕೆ ಹೋಗಿ ಬಂದರು. ಬಂದವರೇ ಸಮುದಾಯ ಭವನದಲ್ಲಿ ಶನಿವಾರ ಸಂಜೆ ತರಗತಿ ತೆರೆದುಬಿಟ್ಟರು. ಅವರು ಅದನ್ನು 'ಇಂಪ್ರೂವ್' ಎಂದರು. ಏನನ್ನೋ ಸುಧಾರಿಸುತ್ತಾರೆಂದು ನಂಬಿ ಮಕ್ಕಳನ್ನು ಗಣಿತಕ್ಕೆ ಸೇರಿಸಲು ಬಂದ ತಂದೆತಾಯಂದಿರು ತಾವೇ ಸೇರಿಕೊಂಡು ಹೋದರು. ಮಾತು ಬರೆದುಕೊಟ್ಟಿರುವುದಿಲ್ಲ, ಪಾತ್ರ ಹಂಚಿರುವುದಿಲ್ಲ, ಕೂತವರು ಒಂದು ಪದ ಕೂಗಿದರೆ ನಿಂತವರು ಅದರ ಮೇಲೆ ಅಲ್ಲೇ ನಾಟಕ ಕಟ್ಟಬೇಕು. ಕಾಫಿ ಪುಡಿಯ ಹಾಗೆ ಇದೂ ದಿಢೀರ್ ಎಂದು ಜನ ಹೆಸರಿಟ್ಟರು.

ಮಳೆಗಾಲ ಮುಗಿಯುವಷ್ಟರಲ್ಲಿ ಬಡಾವಣೆಯಲ್ಲಿ ನೇರ ಉತ್ತರ ಸಿಗುವುದು ನಿಂತುಹೋಯಿತು. ತರಕಾರಿಯವನಿಗೆ ಬದನೆಕಾಯಿ ಹೇಗೆ ಎಂದು ಕೇಳಿದರೆ, "ಬದನೆಕಾಯಾ? ಅದು ನನ್ನ ತಮ್ಮ ಸ್ವಾಮಿ, ವಾಪಸ್ ಕೊಟ್ಟುಬಿಡಿ," ಎನ್ನುತ್ತಿದ್ದ. ಹಲ್ಲಿನ ಡಾಕ್ಟರು ರೋಗಿಯ ಬಾಯಿ ತೆರೆಸಿ, ಗುಹೆಯಲ್ಲಿ ದಾರಿ ತಪ್ಪಿದವರ ಹಾಗೆ ಕೂಗುತ್ತಿದ್ದರು. ಯೋಗದ ಕ್ಲಾಸಿನಲ್ಲಿ ಕಲಿಸುವವರೊಬ್ಬರೇ ಉಳಿದರು. ಕೊನೆಗೆ ಅವರೂ ಚಾಪೆ ಸುತ್ತಿಕೊಂಡು ಪಕ್ಕದ ಕೋಣೆಯ ನಾಟಕದ ಕ್ಲಾಸಿಗೆ ಬಂದು ಕೂತರು.

ತಕ್ಕಡಿ ಸಾಹೇಬರ ಹೆಂಡತಿಯೂ ಸೇರಿದಳು. ಸೇರುವ ಮುಂಚೆ ಗಂಡನನ್ನು ಕೇಳಿದಳು, "ರೀ, ನಾನು ಶನಿವಾರ ನಾಟಕದ ಕ್ಲಾಸಿಗೆ ಹೋಗಲಾ?"

"ಹೂಂ."

"ನೀವೂ ಬನ್ನಿ."

"ಹೂಂ," ಎಂದರು. ಹೋಗಲಿಲ್ಲ.

ಎಲ್ಲವೂ ಕೆಟ್ಟದ್ದು ಕಚೇರಿಯ ಟೀ ವೇಳೆಯಲ್ಲಿ. ಮೇಲಧಿಕಾರಿಗಳೂ ಆ ಕ್ಲಾಸಿನ ಭಕ್ತರು. ಅಂದು ಅವರು ಟೀ ಕಪ್ಪು ಹಿಡಿದು, ಕಡತಗಳ ಬೀರುವಿಗೆ ಒರಗಿ, "ಏನ್ರೀ, ನಿಮ್ಮ ಮನೆಯವರು ಅದ್ಭುತ. ಹೋದ ವಾರ ಜಡ್ಜ್ ಆಗಿದ್ರು. ನನಗೇ ಗಲ್ಲು ಹಾಕಿಬಿಟ್ರು. ಆ ಮಾತು, ಆ ಚುರುಕು ಎಲ್ಲಿಂದ ಬಂತು?" ಎಂದರು. ಎಲ್ಲರೂ ತಕ್ಕಡಿ ಸಾಹೇಬರ ಕಡೆ ತಿರುಗಿದರು. ಅಷ್ಟು ಜನ ಒಟ್ಟಿಗೆ ತಮ್ಮನ್ನು ನೋಡಿದ್ದು ಅವರಿಗೆ ನೆನಪಿರಲಿಲ್ಲ. ಹೂಂ ಎನ್ನಲು ತೆರೆದ ಬಾಯಿ ಏನೋ ಆಗಿ ಜಾರಿತು.

"ಮನೇಲಿ ನಾನೇ ಸ್ವಲ್ಪ ಹೇಳಿಕೊಡ್ತೀನಿ, ಸಾರ್."

ಮೇಲಧಿಕಾರಿಗಳು ಕಪ್ಪು ಕೆಳಗಿಟ್ಟರು. "ಹಾಗಾದ್ರೆ ಮುಂದಿನ ವಾರ ಶನಿವಾರದ ಪ್ರದರ್ಶನದಲ್ಲಿ ಗಂಡ ಹೆಂಡತಿ ಇಬ್ಬರೂ ಮಾಡಿ. ನಾನು ಔಷಧಿ ಅಂಗಡಿಯವರಿಗೆ ಹೇಳ್ತೀನಿ."

ಬದುಕಿನಲ್ಲಿ ಮೊದಲ ಸಲ ಹೇಳಿದ ಸುಳ್ಳು ಇಷ್ಟು ಬೇಗ ಫಲ ಕೊಡುತ್ತದೆಂದು ಸಾಹೇಬರಿಗೆ ಯಾರೂ ಎಚ್ಚರಿಸಿರಲಿಲ್ಲ. ಅವತ್ತೇ ಮಧ್ಯಾಹ್ನ ಪೆಟ್ಟಿಗೆ ಹಿಡಿದು ಔಷಧಿ ಅಂಗಡಿಗೆ ಹೋದರು. ಪುಡಿ ತೂಗುವ ಸಣ್ಣ ತಕ್ಕಡಿಯನ್ನು ಪರೀಕ್ಷಿಸುವ ನೆಪದಲ್ಲಿ, ತಲೆ ಎತ್ತದೆ, "ಈ ನಾಟಕದ ಗುಟ್ಟು ಏನು?" ಎಂದು ಕೇಳಿದರು.

ಔಷಧಿ ಅಂಗಡಿಯವರಿಗೆ ಅಷ್ಟೇ ಬೇಕಾಗಿತ್ತು. "ತುಂಬ ಸುಲಭ ಸಾಹೇಬ್ರೇ. ಎದುರಿಗಿರೋರು ಏನೇ ಹೇಳಲಿ, ಇಲ್ಲ ಅನ್ನಬಾರದು. ಮೊದಲು 'ಹೌದು' ಅನ್ನಿ. ಆಮೇಲೆ 'ಮತ್ತೆ' ಅಂತ ನಿಮ್ಮದೊಂದು ಸೇರಿಸಿ. ಅರ್ಧ ವಿದ್ಯೆ ನಿಮ್ಮ ಹತ್ತಿರ ಈಗಲೇ ಇದೆ. ಇಷ್ಟು ವರ್ಷದಿಂದ ಹೂಂ ಅಂತಿದೀರಲ್ಲ. 'ಮತ್ತೆ' ಒಂದು ಸೇರಿದ್ರೆ ನೀವು ಊರಿಗೇ ದೊಡ್ಡ ಕಲಾವಿದರು."

"ಯಾವಾಗ ಶುರು ಆಗುತ್ತೆ?"

"ಅದೇ ಮಜಾ. ಯಾವಾಗ ಬೇಕಾದ್ರೂ ಶುರು ಆಗಬಹುದು. ನಮ್ಮ ಮನೇಲಿ ಊಟಕ್ಕೆ ಕೂತಾಗಲೇ ಶುರು ಮಾಡ್ತಾರೆ. ಒಂದೇ ಒಂದು ಮಾತು ನೆನಪಿಡಿ. ಮಧ್ಯದಲ್ಲಿ 'ಇದು ನಿಜಾನಾ' ಅಂತ ಮಾತ್ರ ಕೇಳಬೇಡಿ. ಕೇಳಿದ್ರೆ ನಾಟಕ ಅಲ್ಲೇ ಸತ್ತುಹೋಗುತ್ತೆ."

ಸಾಹೇಬರು ಮುದ್ರೆ ಒತ್ತಿ ಹೊರಟರು. ದಾರಿಯುದ್ದಕ್ಕೂ ತುಟಿಯಲ್ಲೇ 'ಹೌದು, ಮತ್ತೆ' ಎಂದು ಗುನುಗಿಕೊಂಡು ಹೋದರು. ಎದುರಾದ ನಾಯಿಯೊಂದು ದಾರಿ ಬಿಟ್ಟು ನಿಂತಿತು.

ಆ ಸಂಜೆ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಕೈ ಒರೆಸಿಕೊಂಡಳು. ಒರೆಸಿ ಆದ ಮೇಲೂ ಒರೆಸುತ್ತಲೇ ಇದ್ದಳು.

"ರೀ, ನಾನು ಈ ಮನೆ ಬಿಟ್ಟು ಹೋಗ್ತಾ ಇದೀನಿ. ಆಸ್ಪತ್ರೆ ಹತ್ತಿರ ಒಂದು ರೂಮು ನೋಡಿದೀನಿ. ಭಾನುವಾರ ಹೋಗ್ತೀನಿ."

ಸಾಹೇಬರು ಪತ್ರಿಕೆಯಿಂದ ತಲೆ ಎತ್ತಿದರು. ಶುರುವಾಯಿತಲ್ಲ. ಮುನ್ಸೂಚನೆಯಿಲ್ಲದೆ, ಔಷಧಿ ಅಂಗಡಿಯವರು ಹೇಳಿದ ಹಾಗೆಯೇ. ಎಷ್ಟು ಚೆನ್ನಾಗಿ ಮಾಡುತ್ತಿದ್ದಾಳೆ, ಗಂಟಲು ಕೂಡ ಕಟ್ಟಿದೆ. ಅವರು ಪತ್ರಿಕೆ ಮಡಿಚಿಟ್ಟು ಎದ್ದು ನಿಂತರು. ಹೆಂಡತಿ ಮಾತನಾಡುವಾಗ ಅವರು ಪತ್ರಿಕೆ ಮಡಿಚಿದ್ದು ಅದೇ ಮೊದಲು. ಆಕೆಯ ಮುಖದಲ್ಲಿ ಏನೋ ಒಂದು ಆಸೆ ಹಾದುಹೋಯಿತು.

"ಹೌದು," ಎಂದರು ಸಾಹೇಬರು, ಸ್ಪಷ್ಟವಾಗಿ. "ಮತ್ತೆ ಆ ದೊಡ್ಡ ಸೂಟ್‌ಕೇಸು ತಗೊಂಡು ಹೋಗು. ಚಿಕ್ಕದರ ಚಕ್ರ ಸರಿಯಿಲ್ಲ."

ಆಕೆಯ ಕೈ ಒರೆಸುವುದು ನಿಂತಿತು. "ಅಷ್ಟೇನಾ?"

"ಹೌದು. ಮತ್ತೆ ನಾನೇ ಕೆಳಗೆ ಇಳಿಸಿಕೊಡ್ತೀನಿ."

ಆಕೆ ಒಳಗೆ ಹೋದಳು. ಸಾಹೇಬರು ತಮ್ಮ ಪ್ರತಿಭೆಗೆ ತಾವೇ ಬೆರಗಾಗಿ ಕೂತರು. ಇಷ್ಟು ದಿನ ಇದನ್ನು ಎಲ್ಲಿ ಬಚ್ಚಿಟ್ಟುಕೊಂಡಿದ್ದೆ ಎನಿಸಿತು.

ಭಾನುವಾರ ಬೆಳಿಗ್ಗೆ ಆಕೆ ನಿಜವಾಗಿ ಸೂಟ್‌ಕೇಸು ತುಂಬಿದಳು. ಸಾಹೇಬರು ಹೇಳಿದ ಮಾತಿಗೆ ತಪ್ಪದೆ ಅದನ್ನು ಹೊತ್ತು ಮೆಟ್ಟಿಲಿಳಿದರು. ಮೊದಲ ಮಹಡಿಯ ಟೀಚರಮ್ಮ ಬಾಗಿಲು ತೆರೆದು, "ಎಲ್ಲಿಗೆ?" ಎಂದರು. "ಇವಳು ನನ್ನ ಬಿಟ್ಟು ಹೋಗ್ತಿದಾಳೆ," ಎಂದರು ಸಾಹೇಬರು, ಹಲ್ಲು ಕಾಣುವ ಹಾಗೆ ನಗುತ್ತಾ. ಟೀಚರಮ್ಮನೂ ಅದೇ ಕ್ಲಾಸಿನವರು. ತಕ್ಷಣ ಸೆರಗು ಬಾಯಿಗಿಟ್ಟು, "ಅಯ್ಯೋ, ಮತ್ತೆ ನಮ್ಮ ಬೆಕ್ಕನ್ನೂ ಕರಕೊಂಡು ಹೋಗ್ತಿದಾಳಾ?" ಎಂದು ಬಿಕ್ಕಿದರು. ಹೆಂಡತಿ ಯಾರ ಮುಖವನ್ನೂ ನೋಡದೆ ಇಳಿದುಹೋದಳು.

ಆಟೋ ಬಂತು. ಸಾಹೇಬರಿಗೆ ಇನ್ನೂ ಒಂದು ಸೇರಿಸಬೇಕೆನಿಸಿತು. "ಮತ್ತೆ ಮನೆ ಕೀಲಿ ಕೊಟ್ಟು ಹೋಗು," ಎಂದರು.

ಆಕೆ ಚೀಲದಲ್ಲಿ ತಡಕಿದಳು. ಕೀಲಿಯನ್ನು ಅವರ ಅಂಗೈಯಲ್ಲಿ ಇಟ್ಟಳು. ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ಸಾಹೇಬರು ಕೈ ಬೀಸಿದರು.

ಮೇಲೆ ಬಂದು ಕಾದರು. ಆಟೋ ಬೀದಿ ಸುತ್ತಿ ಬಂದು ನಿಲ್ಲುತ್ತದೆ, ಆಕೆ ನಗುತ್ತಾ ಇಳಿಯುತ್ತಾಳೆ, ತಾನು ಚಪ್ಪಾಳೆ ತಟ್ಟುತ್ತೇನೆ ಎಂದು ಮನಸ್ಸಿನಲ್ಲೇ ಕೊನೆಯ ದೃಶ್ಯ ಬರೆದಿಟ್ಟುಕೊಂಡಿದ್ದರು. ಮಧ್ಯಾಹ್ನವಾಯಿತು. ಸಂಜೆಯಾಯಿತು. ಮಾರನೆಯ ದಿನವೂ ಆಕೆ ಬರಲಿಲ್ಲ. ಎಂಥ ತನ್ಮಯತೆ, ನಾಟಕವನ್ನು ಶನಿವಾರದವರೆಗೂ ಎಳೆಯುತ್ತಿದ್ದಾಳೆ ಎಂದು ಸಾಹೇಬರು ಅನ್ನಕ್ಕೆ ಉಪ್ಪು ಕಲಸಿ ತಿಂದರು. ಕಚೇರಿಯಲ್ಲಿ ಮೇಲಧಿಕಾರಿಗಳು ಕೇಳಿದಾಗ, "ಅಭ್ಯಾಸ ಜೋರಾಗಿ ನಡೀತಿದೆ ಸಾರ್," ಎಂದರು.

ಆ ದಿನವೇ ಭಾವಮೈದುನನ ಫೋನು ಬಂತು. ಅವನು ಬಸ್ಸುಗಳಿಗೆ ಬಾಡಿ ಕಟ್ಟುವ ಕಡೆ ವೆಲ್ಡಿಂಗ್ ಮಾಡುವವನು, ಒರಟು ಮಾತಿನವನು, ಅಕ್ಕನ ಮೇಲೆ ಜೀವ.

"ಭಾವ, ಅಕ್ಕ ಮನೆ ಬಿಟ್ಟು ಹೋದ್ರೆ ನೀವು ನಗ್ತಾ ಸೂಟ್‌ಕೇಸು ಹೊತ್ತುಕೊಟ್ರಂತೆ. ನಿಜಾನಾ?"

ನಿಜಾನಾ ಎಂದು ಕೇಳಿ ಪಾಪ ನಾಟಕ ಕೆಡಿಸುತ್ತಿದ್ದಾನಲ್ಲ, ಹೊಸಬ ಎಂದುಕೊಂಡರು ಸಾಹೇಬರು. "ಹೌದು. ಮತ್ತೆ ಅವಳ ಬೀರುನೂ ಬಂದು ತಗೊಂಡು ಹೋಗು."

ಆ ಕಡೆ ಫೋನು ಕಟ್ಟಾಯಿತು.

ಮರುದಿನ ಸಂಜೆ ಅವನು ಟೆಂಪೋ ತೆಗೆದುಕೊಂಡೇ ಬಂದ. ಸಾಹೇಬರು ಬಾಗಿಲಲ್ಲಿ ಆದರದಿಂದ ಬರಮಾಡಿಕೊಂಡು, ಬೀರುವಿನ ಒಂದು ತುದಿಗೆ ತಾವೇ ಕೈ ಹಾಕಿದರು. ಕಬ್ಬಿಣದ ಬೀರು ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಎಲ್ಲ ಮನೆಗಳ ಬಾಗಿಲೂ ತೆರೆದವು. ಔಷಧಿ ಅಂಗಡಿಯವರು ಕೆಳಗಿನಿಂದ, "ಬೀರು ಒಳಗೆ ಯಾರಿದಾರೆ? ಉಸಿರಾಡೋಕೆ ಜಾಗ ಬಿಡಿ," ಎಂದು ಕೂಗಿದರು. ಟೀಚರಮ್ಮ ಶವಯಾತ್ರೆಯ ಹಾಗೆ ಮುಂದೆ ನಡೆದರು. ಯಾರೋ ಚಪ್ಪಾಳೆ ತಟ್ಟಿದರು. ಸಾಹೇಬರು ಬೆವರಿಳಿಸುತ್ತಾ ಎರಡೂ ಕಡೆಗೆ ತಲೆ ಬಾಗಿಸಿ ವಂದಿಸಿದರು. ಭಾವಮೈದುನ ಮಾತ್ರ ಯಾರ ಕಡೆಯೂ ನೋಡದೆ ಹಲ್ಲು ಕಚ್ಚಿ ಭಾರ ಎಳೆಯುತ್ತಿದ್ದ.

ಬೀರು ಟೆಂಪೋ ಏರಿತು. ಭಾವಮೈದುನ ಆಕೆಯ ಹೊಲಿಗೆ ಯಂತ್ರ ತರಲು ಮತ್ತೆ ಮೇಲೆ ಬಂದ. ಬರಿದಾದ ಕೋಣೆಯ ಮಧ್ಯೆ ನಿಂತ. ಬೀರು ಇದ್ದ ಕಡೆ ಗೋಡೆ ಹಳೆಯ ಬಣ್ಣದಲ್ಲೇ ಉಳಿದಿತ್ತು. ಅವನು ಅಲ್ಲೇ ನೆಲದ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಭುಜಗಳು ಅಲುಗಿದವು.

"ತುಂಬಾ ಚೆನ್ನಾಗಿ ಮಾಡ್ತೀಯ," ಎಂದರು ಸಾಹೇಬರು ಮೆಲ್ಲಗೆ. "ಯಾವಾಗ ಸೇರಿದೆ ಕ್ಲಾಸಿಗೆ?"

ಅವನು ಕೈ ತೆಗೆದ. ಮುಖವೆಲ್ಲ ಒದ್ದೆಯಾಗಿತ್ತು. "ಯಾವ ಕ್ಲಾಸು, ಭಾವ?"

ಸಾಹೇಬರು ಬಾಯಿ ತೆರೆದರು. ಹೌದು ಎನ್ನಲೂ ಆಗಲಿಲ್ಲ, ಮತ್ತೆ ಎನ್ನಲೂ ಆಗಲಿಲ್ಲ. ಕೆಳಗೆ ಟೆಂಪೋದವನು ಹಾರನ್ ಬಾರಿಸಿದ. ಭಾವಮೈದುನ ಹೊಲಿಗೆ ಯಂತ್ರ ಎತ್ತಿಕೊಂಡು, ಹಾಯುವಾಗ ಅವರನ್ನು ತಾಕದ ಹಾಗೆ ಗೋಡೆಗೆ ಸರಿದು ಹೊರಟುಹೋದ. ಅಕ್ಕನ ರೂಮು ಎಲ್ಲಿದೆ ಎಂದು ಸಾಹೇಬರು ಮೆಟ್ಟಿಲಲ್ಲಿ ನಿಂತು ಕೂಗಿ ಕೇಳಿದರು. ಟೆಂಪೋ ಹೊರಟೇಬಿಟ್ಟಿತು. ಮೆಟ್ಟಿಲಲ್ಲಿ ಇನ್ನೂ ನಿಂತಿದ್ದ ಜನ ನಕ್ಕರು.

ಆಮೇಲಿನ ದಿನಗಳು ಹೇಗಿದ್ದವೆಂದು ಹೇಳುವುದು ಬೇಡ. ಆಕೆ ಫೋನು ಎತ್ತಲಿಲ್ಲ. ಆಸ್ಪತ್ರೆಗೆ ಹೋದರೆ ರಜೆ ಹಾಕಿದ್ದಾಳೆಂದರು. ಸಾಹೇಬರು ಔಷಧಿ ಅಂಗಡಿಗೆ ಹೋಗಿ, "ನನ್ನ ಹೆಂಡತಿ ನಿಜವಾಗ್ಲೂ ಬಿಟ್ಟು ಹೋಗಿದಾಳೆ," ಎಂದರು. ಅಂಗಡಿಯವರು ಎಣಿಸುತ್ತಿದ್ದ ಮಾತ್ರೆ ಹಾಗೇ ಬಿಟ್ಟು, "ನೋಡಿ, ನೋಡಿ ಆ ಕಣ್ಣು. ಇದು ಕಲಿಸಿದ್ರೆ ಬರೋದಲ್ಲ," ಎಂದು ಗಿರಾಕಿಗೆ ತೋರಿಸಿದರು. ಮೇಲಧಿಕಾರಿಗಳ ಮುಂದೆ ಹೇಳಿದರು. ಅವರು ಎದ್ದು ನಿಂತು ಕೈ ಕುಲುಕಿದರು. ಅಳಬೇಕೆನಿಸಿ ಸಾಹೇಬರು ಕಚೇರಿಯ ಹಿಂದಿನ ಉಗ್ರಾಣಕ್ಕೆ ಹೋಗಿ, ಜಪ್ತಿ ಮಾಡಿದ ಮೋಸದ ತಕ್ಕಡಿಗಳ ಮಧ್ಯೆ ಕೂತರು. ಅಲ್ಲಿಗೂ ಒಬ್ಬ ಗುಮಾಸ್ತ ಬಂದು, ಸ್ವಲ್ಪ ಹೊತ್ತು ನೋಡಿ, ಹೆಬ್ಬೆರಳು ಎತ್ತಿ ತೋರಿಸಿ ಹೋದ.

ಶನಿವಾರ ಆಕೆ ಕ್ಲಾಸಿಗೆ ಬಂದೇ ಬರುತ್ತಾಳೆ ಎನ್ನುವುದೊಂದೇ ಉಳಿದ ದಾರಿ. ಸಾಹೇಬರು ಇಸ್ತ್ರಿಯಿಲ್ಲದ ಅಂಗಿಯಲ್ಲಿ ಸಮುದಾಯ ಭವನಕ್ಕೆ ಹೋದರು. ಪ್ಲಾಸ್ಟಿಕ್ ಕುರ್ಚಿಗಳು ತುಂಬಿ, ಕಿಟಕಿಯಲ್ಲೂ ಜನ ಕೂತಿದ್ದರು. ಟ್ಯೂಬ್‌ಲೈಟು ಒಂದು ಮಿಣುಕುತ್ತಿತ್ತು. ಆಕೆ ವೇದಿಕೆಯ ಪಕ್ಕದಲ್ಲಿ ನಿಂತಿದ್ದಳು, ಸ್ವಲ್ಪ ಸೊರಗಿದ್ದಳು. ಸಾಹೇಬರನ್ನು ಕಂಡು ಮುಖ ತಿರುಗಿಸಿದಳು.

ಅವರು ಆಕೆಯ ಹತ್ತಿರ ಹೋಗುವಷ್ಟರಲ್ಲಿ ಮೇಲಧಿಕಾರಿಗಳು ಅವರ ತೋಳು ಹಿಡಿದು ವೇದಿಕೆ ಹತ್ತಿಸಿಬಿಟ್ಟರು. ಔಷಧಿ ಅಂಗಡಿಯವರು ಆಕೆಯನ್ನೂ ಕರೆದರು. ಆಕೆ ಬೇಡವೆಂದು ತಲೆಯಾಡಿಸಿದಳು. ಮುಂದಿನ ಸಾಲಿನವರು ಹೆಸರು ಹಿಡಿದು ಕೂಗಿ, ಕೈ ತಟ್ಟಿ ವೇದಿಕೆ ಹತ್ತಿಸಿದರು.

"ಒಂದು ಪದ ಕೊಡಿ," ಎಂದರು ಔಷಧಿ ಅಂಗಡಿಯವರು.

"ವಿದಾಯ," ಎಂದರು ಟೀಚರಮ್ಮ.

ಆಕೆ ನೆಲ ನೋಡಿಕೊಂಡು ನಿಂತಳು. ಆಮೇಲೆ ಬೇಸತ್ತ ದನಿಯಲ್ಲಿ, ಬೇಗ ಮುಗಿದರೆ ಸಾಕೆನ್ನುವಂತೆ, "ನಾನು ಹೋಗ್ತೀನಿ," ಎಂದಳು.

"ಬೇಡ," ಎಂದರು ಸಾಹೇಬರು. "ಹೋಗಬೇಡ."

ಔಷಧಿ ಅಂಗಡಿಯವರು ಗಂಟೆ ಬಾರಿಸಿದರು. "ಸಾಹೇಬ್ರೇ, ಬೇಡ ಅನ್ನೋ ಹಾಗಿಲ್ಲ. ಇನ್ನೊಂದ್ಸಲ."

"ನಾನು ಹೋಗ್ತೀನಿ," ಎಂದಳು ಆಕೆ.

"ಬೇಡ. ನಾನು ಅವತ್ತು ನಾಟಕ ಅಂದುಕೊಂಡಿದ್ದೆ."

ಮತ್ತೆ ಗಂಟೆ. ಸಭೆ ಬಿದ್ದು ಬಿದ್ದು ನಕ್ಕಿತು. ಸಾಹೇಬರು ಮತ್ತೂ ಬೇಡ ಎಂದರು, ಮತ್ತೂ ಗಂಟೆ ಬಡಿಯಿತು. ಆ ಬೇಡವೂ ಗಂಟೆಯೂ ಸೇರಿ ತಾಳ ಹಿಡಿದ ಹಾಗಾಗಿ, ಜನ ಕುರ್ಚಿಯ ಕೈಗಳನ್ನು ಬಡಿಯತೊಡಗಿದರು. ಆಕೆ ತಲೆ ಎತ್ತಿ ಗಂಡನನ್ನು ನೋಡಿದಳು. ಅಷ್ಟು ಜನರಲ್ಲಿ ಅವರೊಬ್ಬರೇ ನಗುತ್ತಿರಲಿಲ್ಲ. ಆಕೆ ವೇದಿಕೆಯಿಂದ ಇಳಿದು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದಳು. ಸಾಹೇಬರು ಹಿಂದೆಯೇ ಓಡಿದರು.

ಬಸ್ ನಿಲ್ದಾಣದ ಕಲ್ಲು ಬೆಂಚಿನಲ್ಲಿ ಆಕೆ ಕೂತಿದ್ದಳು. ಸಾಹೇಬರು ಪಕ್ಕದಲ್ಲಿ, ಸ್ವಲ್ಪ ಜಾಗ ಬಿಟ್ಟು ಕೂತರು.

"ನಾಟಕ ಅಂದುಕೊಂಡ್ರಾ?" ಎಂದು ಕೇಳಿದಳು.

"ಹೌದು. ನಿನ್ನ ಜತೆ ಚೆನ್ನಾಗಿ ಮಾಡಬೇಕು ಅಂತಿತ್ತು."

"ನಾಟಕ ಅಲ್ಲ ಅಂತ ಗೊತ್ತಿದ್ದಿದ್ರೆ?"

ಸಾಹೇಬರು ಯೋಚಿಸಿದರು. ಉತ್ತರ ಅವರಿಗೆ ಗೊತ್ತಿತ್ತು. ಆಕೆಗೂ ಗೊತ್ತಿತ್ತು. ಪತ್ರಿಕೆಯ ಹಿಂದಿನಿಂದ ಒಂದು ಹೂಂ ಬರುತ್ತಿತ್ತು, ಅಷ್ಟೆ.

ಅಷ್ಟರಲ್ಲಿ ಭವನದ ಬಾಗಿಲಿನಿಂದ ಜನ ಹೊರಬಂದು ನಿಲ್ದಾಣದ ಸುತ್ತ ನೆರೆದರು. ಕೆಲವರು ಟೀ ಕಪ್ಪು ಹಿಡಿದೇ ಬಂದಿದ್ದರು. ಹಿಂದಿನವರಿಗೆ ಕಾಣಲೆಂದು ಮುಂದಿನವರು ಕುಕ್ಕುರುಗಾಲಲ್ಲಿ ಕೂತರು. "ಬಸ್ ನಿಲ್ದಾಣದಲ್ಲೇ ಮಾಡ್ತಿದಾರೆ. ಎಂಥ ಐಡಿಯಾ," ಎಂದರು ಮೇಲಧಿಕಾರಿಗಳು. ನಿಜವಾಗಿ ಬಸ್ಸಿಗೆ ಕಾಯುತ್ತಿದ್ದ ಮುದುಕರೊಬ್ಬರು ತಾವೂ ಪಾತ್ರವೆಂದು ತಿಳಿದು ಗಾಬರಿಯಾಗಿ ಎದ್ದು ಹೋದರು.

ಸಾಹೇಬರು ಎದ್ದು ನಿಂತರು. ಅವರ ದನಿ ಇಷ್ಟು ಗಟ್ಟಿಯಿದೆಯೆಂದು ಯಾರಿಗೂ ತಿಳಿದಿರಲಿಲ್ಲ. "ದಯವಿಟ್ಟು ಮನೆಗೆ ಹೋಗಿ. ನಮ್ಮ ಮಾತು ಇನ್ನೂ ಮುಗಿದಿಲ್ಲ."

ಚಪ್ಪಾಳೆ ಬಹಳ ಹೊತ್ತು ನಡೆಯಿತು. ಆ ಸದ್ದಿನ ಮಧ್ಯೆ ಇಬ್ಬರೂ ಎದ್ದು ನಡೆದರು. ಔಷಧಿ ಅಂಗಡಿಯವರು ಮೂಲೆಯ ತನಕ ಹಿಂಬಾಲಿಸಿ ನಿಂತುಕೊಂಡರು.

ಗ್ಯಾರೇಜುಗಳ ಸಾಲು ದಾಟಿ, ಮುಚ್ಚಿದ ಹಿಟ್ಟಿನ ಗಿರಣಿ ದಾಟಿದ ಮೇಲೆ ಸಾಹೇಬರು ಕೇಳಿದರು, "ಯಾಕೆ ಹೋದೆ?"

ಆಕೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಒಮ್ಮೆ ಹಿಂದೆ ನೋಡಿದಳು.

"ಹೋದ ವರ್ಷ ನನ್ನ ಎದೇಲಿ ಒಂದು ಗಂಟು ಕಂಡಿತ್ತು. ಪರೀಕ್ಷೆಗೆ ಕೊಡಬೇಕು, ಭಯ ಆಗ್ತಿದೆ ಅಂದೆ. ನೀವು ಬಟ್ಟು ಉಜ್ಜುತ್ತಾ ಕೂತಿದ್ರಿ. ಹೂಂ ಅಂದ್ರಿ. ನಾನು ಒಬ್ಬಳೇ ಹೋದೆ. ಏನೂ ಇಲ್ಲ ಅಂದ್ರು. ವಾಪಸ್ ಬರೋವಾಗ, ಇವತ್ತಾದ್ರೂ ಕೇಳ್ತಾರೆ ಅಂದುಕೊಂಡೆ. ಆಮೇಲೆ ನಾಳೆ ಕೇಳ್ತಾರೆ ಅಂದುಕೊಂಡೆ. ಹಾಗೇ ವರ್ಷ ಆಯ್ತು."

ಸಾಹೇಬರು ನೆನಪು ಮಾಡಿಕೊಳ್ಳಲು ನೋಡಿದರು. ಎಷ್ಟು ತಡಕಿದರೂ ಆ ಸಂಜೆ ಸಿಗಲಿಲ್ಲ. ನೆನಪಿದೆ ಎಂದುಬಿಡಬಹುದಿತ್ತು.

"ನನಗೆ ನೆನಪಿಲ್ಲ," ಎಂದರು.

"ಗೊತ್ತು."

ಇನ್ನಷ್ಟು ದೂರ ನಡೆದರು. "ಎಲ್ಲಿ ಮಾಡಿಸಿದೆ ಪರೀಕ್ಷೆ?" ಎಂದು ಕೇಳಿದರು. ಆಕೆ ಹೇಳಿದಳು. "ಬಹಳ ಹೊತ್ತು ಕೂರಿಸಿದ್ರಾ?" ಅದಕ್ಕೂ ಹೇಳಿದಳು. "ನೋವಾಯ್ತಾ?" ಆಕೆ ಸೂಜಿ ಎಲ್ಲಿ ಚುಚ್ಚಿದರು, ಪಕ್ಕದಲ್ಲಿ ಕೂತಿದ್ದ ಹೆಂಗಸು ಯಾರು, ಆ ಹೆಂಗಸಿನ ಫಲಿತಾಂಶ ಏನು ಬಂತು, ಎಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ಒಂದು ಕಡೆ ನಿಂತು ಅತ್ತಳು. ಸಾಹೇಬರು ಆಕೆಯ ಚೀಲವನ್ನು ತೆಗೆದುಕೊಂಡು ಹಿಡಿದುಕೊಂಡರು.

ಆಕೆಯ ರೂಮು ಒಂದು ಸೈಕಲ್ ಅಂಗಡಿಯ ಮೇಲಿತ್ತು. ಕಿರಿದಾದ ಮೆಟ್ಟಿಲ ಬುಡದಲ್ಲಿ ಆಕೆ ಚೀಲ ವಾಪಸ್ ಇಸಿದುಕೊಂಡಳು. ಮೇಲೆ ಬನ್ನಿ ಎನ್ನಲಿಲ್ಲ.

"ನಾನು ವಾಪಸ್ ಬರಲ್ಲ," ಎಂದಳು. "ಈಗಂತೂ ಇಲ್ಲ."

ಸಾಹೇಬರು ತಲೆಯಾಡಿಸಿದರು.

"ದಾರಿ ಗೊತ್ತಾಗುತ್ತಾ ನಿಮಗೆ?"

"ಇಲ್ಲ," ಎಂದರು ಸಾಹೇಬರು. ಬರುವಾಗ ಅವರು ರಸ್ತೆಯನ್ನೇ ನೋಡಿರಲಿಲ್ಲ.

ಆಕೆ ನಿಟ್ಟುಸಿರು ಬಿಟ್ಟು ಮೂಲೆಯವರೆಗೆ ಜತೆಗೆ ಬಂದಳು. ಗಿರಣಿಯ ಹತ್ತಿರ ಎಡಕ್ಕೆ, ಆಮೇಲೆ ನೇರ ಎಂದು ಕೈ ಮಾಡಿ ತೋರಿಸಿದಳು. ಸಾಹೇಬರು ನಡೆದರು. ಸಂಜೆಯ ಬೆಳಕು ಕಮ್ಮಿಯಾಗುತ್ತಿತ್ತು, ಅಂಗಡಿಗಳ ಮುಂದೆ ದೀಪಗಳು ಹತ್ತುತ್ತಿದ್ದವು. ಅವರು ತಿರುಗಿ ನೋಡಲಿಲ್ಲ, ನೋಡಿದರೆ ಆಕೆ ಇರುವುದಿಲ್ಲ ಎಂದು ಭಯ. ಗಿರಣಿಯ ಹತ್ತಿರ ಬಂದು ಒಂದು ಕ್ಷಣ ತಡವರಿಸಿ ಬಲಕ್ಕೆ ಹೊರಳಿದರು.

"ಅಲ್ಲ ರೀ," ಹಿಂದಿನಿಂದ ದನಿ ಬಂತು. "ಎಡಕ್ಕೆ."